ಕೊನೆಯಲ್ಲೊಂದು ಆರ್

ಧಾರವಾಡದ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಅವರು ಕೊನೆಗೆ ಡಿ ಹಾಕುತ್ತಿರಲಿಲ್ಲ, ಆರ್ ಹಾಕುತ್ತಿದ್ದರು. ಧಾರವಾರ್. ಬ್ರಿಟಿಷರು ಹಾಗೆ ಬರೆಯುತ್ತಿದ್ದರು. ಬ್ರಿಟಿಷರು ಹೋಗಿ ಐವತ್ತು ವರ್ಷದ ಮೇಲಾಗಿತ್ತು. ಬಸ್ಸಿನ ಬೋರ್ಡು, ರೈಲು ನಿಲ್ದಾಣದ ಹಲಗೆ, ಅಂಗಡಿಗಳ ರಸೀದಿ ಎಲ್ಲದರ ಮೇಲೂ ಡಿ ಬಂದು ಕೂತಿತ್ತು. ನಮ್ಮ ಸರ್ ಮಾತ್ರ ರಜೆ ಅರ್ಜಿಯಿಂದ ಹಿಡಿದು ಕೊರಿಯರ್ ಕವರಿನ ತನಕ ಆರ್ ಬಿಟ್ಟು ಕದಲುತ್ತಿರಲಿಲ್ಲ. ನಾನು ಬೆನ್ನ ಹಿಂದೆ ನಗುತ್ತಿದ್ದೆ. ಒಮ್ಮೆ ಧೈರ್ಯ ಮಾಡಿ ಎದುರಿಗೇ ಕೇಳಿದೆ.

"ಸರ್, ಸ್ಪೆಲ್ಲಿಂಗ್ ಬದಲಾಗಿ ಎಷ್ಟ ವರ್ಷ ಆತ್ರಿ? ಇನ್ನೂ ಹಳೇದನ್ನ ಹಿಡಕೊಂಡ ಕುಂತೀರಲ್ಲ?"

"ಎಲ್ಲೆ ಬದಲಾಗೇತ್ರಿ ಇಂಜಿನಿಯರ್ ಸಾಹೇಬ್ರ? ನಮ್ಮ ಸಂಸ್ಥಾದ ನೋಂದಣಿ ಕಾಗದಾ ತಗದ ನೋಡ್ರಿ, ಅದರಾಗ ಆರ್ ಐತಿ. ಕಾಗದಾ ಬದಲಾದ ದಿನಾ ನಾನೂ ಬದಲಾಗ್ತೀನಿ," ಎಂದು ಕವರಿಗೆ ಅಂಟು ಹಚ್ಚಿದರು.

ನನ್ನನ್ನು ಅವರು ಕರೆಯುತ್ತಿದ್ದದ್ದೇ ಹಾಗೆ, ಇಂಜಿನಿಯರ್ ಸಾಹೇಬ್ರ ಎಂದು. ಅದರಲ್ಲಿ ಕುಚೇಷ್ಟೆ ಎಷ್ಟು, ಗೌರವ ಎಷ್ಟು ಎಂಬುದು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ನನಗಿಂತ ಮೂವತ್ತೈದು ವರ್ಷ ದೊಡ್ಡವರು. ಆದರೂ ಒಂದು ದಿನವೂ ನನಗೆ ಏಕವಚನದಲ್ಲಿ ಮಾತಾಡಲಿಲ್ಲ.

ಅವರು ತೀರಿಕೊಂಡು ವರ್ಷವಾಗುತ್ತ ಬಂತು. ಹೆಸರು ಬರೆಯುವುದು ಬೇಡ. ಅವರ ಪರಿಚಯವಿದ್ದವರಿಗೆ ಆ ಆರ್ ಒಂದೇ ಸಾಕು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು, ನಾನು ಅವರ ಕೈಕೆಳಗೆ ಸೇರಿದೆ. ಹುಬ್ಬಳ್ಳಿ ಧಾರವಾಡ ಎರಡೂ ಕಡೆ ಕಾಲೇಜುಗಳಿದ್ದ ಒಂದು ಶಿಕ್ಷಣ ಸಂಸ್ಥೆಯ ಕಂಪ್ಯೂಟರ್ ವಿಭಾಗ ಅದು. ವಿಭಾಗವೆಂದರೆ ಮೂರೇ ಜನ. ಮುಖ್ಯಸ್ಥರು ಅವರು, ಇಂಜಿನಿಯರ್ ನಾನು, ಆಪರೇಟರ್ ಕಸ್ತೂರಕ್ಕ. ನಾನು ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಖೋಲಿ ಹಿಡಿದಿದ್ದ ಹೊಸ ಪದವೀಧರ. ತಲೆ ಆಗ ನೆಲದಿಂದ ಎರಡು ಗೇಣು ಮೇಲೇ ಇರುತ್ತಿತ್ತು. ಅವರದು ಬರೀ ಬಿಎಸ್ಸಿ. ಫಿಜಿಕ್ಸ್ ಲ್ಯಾಬಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದವರು, ತೊಂಬತ್ತರ ಸುಮಾರಿಗೆ ಸಂಸ್ಥೆಗೆ ಮೊದಲ ಕಂಪ್ಯೂಟರ್ ಬಂದಾಗ ಅದರ ಪ್ಯಾಕಿಂಗ್ ಬಿಚ್ಚಲು ಯಾರೂ ಮುಂದೆ ಬರಲಿಲ್ಲವಂತೆ. ಇವರು ಹೋಗಿ ಬಿಚ್ಚಿದರು. ಅಲ್ಲಿಂದ ಅದು ಅವರದೇ ಕೆಲಸವಾಯಿತು.

ಹುಬ್ಬಳ್ಳಿ ತಾಲೂಕಿನ ಸುಳ್ಳ ಎಂಬ ಹಳ್ಳಿಯವರು. ಹೊಸಬರು ಯಾರಾದರೂ ಊರು ಕೇಳಿದರೆ, "ಸುಳ್ಳರಿ," ಎಂದು ಹೇಳಿ ಎದುರಿನವರ ಮುಖ ನೋಡುತ್ತಿದ್ದರು. ಅವರು ಗಲಿಬಿಲಿಗೊಂಡರೆ ಖುಷಿ. "ಊರಿನ ಹೆಸರs ಹಂಗೈತಿ. ಅದಕ್ಕ ಬಾಕಿ ಎಲ್ಲಾ ಖರೇನ ಹೇಳಬೇಕಾಗೇತಿ ನಾವು," ಎನ್ನುತ್ತಿದ್ದರು. ಈ ಒಂದು ಜೋಕನ್ನು ನಾನು ನೂರು ಸಲ ಕೇಳಿದ್ದೇನೆ. ನೂರನೆಯ ಸಲವೂ ಅವರು ಅದನ್ನು ಈಗ ತಾನೇ ಹೊಳೆದಂತೆ ಹೇಳುತ್ತಿದ್ದರು.

ಸರ್ವರ್ ಇಟ್ಟಿದ್ದ ಕೋಣೆಯ ಹೊರಗೆ ಚಪ್ಪಲಿ ಬಿಡಬೇಕಿತ್ತು. ಮೊದಲ ಕಂಪ್ಯೂಟರ್ ಕಾಲದಲ್ಲಿ ಎಲ್ಲ ಕಡೆ ಆ ಪದ್ಧತಿ ಇತ್ತು, ಧೂಳು ಹೋಗಬಾರದೆಂದು. ಆಮೇಲೆ ಎಲ್ಲ ಕಡೆ ಬಿಟ್ಟರು, ನಮ್ಮಲ್ಲಿ ಬಿಡಲಿಲ್ಲ. ನಾನು ಬೂಟು ಹಾಕುವವನು. ದಿನಕ್ಕೆ ಹತ್ತು ಸಲ ಲೇಸು ಬಿಚ್ಚಿ ಕಟ್ಟಿ ಸಾಕಾಗಿತ್ತು. ಈಗಿನ ಯಂತ್ರಗಳಿಗೆ ಧೂಳಿನಿಂದ ಏನೂ ಆಗುವುದಿಲ್ಲ ಎಂದು ವಾದ ಹೂಡಿದೆ.

"ಧೂಳಿನ ಸಂಬಂಧ ಅಲ್ರಿ," ಎಂದರು. "ಏನರ ಕೆಟ್ಟಾಗ ಮನಶ್ಯಾ ಓಡಕೋತ ಬರ್ತಾನ. ಓಡಕೋತ ಬಂದಾಂವ ಮದಲ ಸ್ವಿಚ್ಚಿಗೆ ಕೈ ಹಾಕ್ತಾನ. ಅಲ್ಲೆ ಕುಂತು ಲೇಸ್ ಬಿಚ್ಚಲಿ. ಅಷ್ಟರಾಗ ಅರ್ಧಾ ಸಿಟ್ಟು ಇಳೀತೈತಿ."

ಅವರ ಕೆಲಸದ ರೀತಿಯೇ ಅದು. ಏನೇ ಕೆಡಲಿ, ಮೊದಲು ಯಂತ್ರವನ್ನು ಮುಟ್ಟುತ್ತಿರಲಿಲ್ಲ. ಅದನ್ನು ನೋಡಿದ ಮನುಷ್ಯನನ್ನು ಕುರ್ಚಿ ಎಳೆದು ಕೂಡಿಸುತ್ತಿದ್ದರು. "ನೀವು ಏನ್ ನೋಡಿದ್ರಿ, ಅಷ್ಟ ಹೇಳ್ರಿ. ಏನ್ ಅನಸ್ತು ಅನ್ನೂದನ್ನ ಆಮ್ಯಾಲೆ ಕೇಳ್ತೀನಿ." ಪ್ರೊಫೆಸರರಿಗೂ ಅದೇ ಪ್ರಶ್ನೆ, ಕಸ ಹೊಡೆಯುವವಳಿಗೂ ಅದೇ. ಪ್ರೊಫೆಸರರಿಗೆ ಅನ್ನಿಸಿದ್ದೇ ಹೆಚ್ಚು ಇರುತ್ತಿತ್ತು. ಕಸ ಹೊಡೆಯುವವಳು ನೋಡಿದ್ದನ್ನು ಸರಿಯಾಗಿ ಹೇಳುತ್ತಿದ್ದಳು. ಇದು ಅವರ ಮಾತಲ್ಲ, ನಾನು ಕಂಡದ್ದು.

ಒಮ್ಮೆ ಹುಬ್ಬಳ್ಳಿಯ ಕಾಲೇಜಿನಿಂದ ಬೆಳಗ್ಗೆ ಬೆಳಗ್ಗೆ ಫೋನು. ಇಡೀ ಲ್ಯಾಬು ಬಂದ್ ಆಗಿದೆ, ಪ್ರಾಂಶುಪಾಲರು ಕೆಂಡವಾಗಿದ್ದಾರೆ. ಇಬ್ಬರೂ ಬಸ್ಸು ಹಿಡಿದು ಹೋದೆವು. ನೋಡಿದರೆ, ಕಸ ಹೊಡೆಯುವ ಹೆಂಗಸು ಬೆಂಚಿನ ಕೆಳಗಿನ ಪ್ಲಗ್ಗು ಕಿತ್ತು ಮತ್ತೆ ಹಾಕುವುದನ್ನು ಮರೆತಿದ್ದಳು. ಬಾಗಿಲ ಹತ್ತಿರ ಸೆರಗು ಹಿಂಡುತ್ತ ನಿಂತಿದ್ದ ಅವಳ ಮುಖದಲ್ಲೇ ಎಲ್ಲಾ ಬರೆದಿತ್ತು. ಸರ್ ಪ್ಲಗ್ಗು ಹಾಕಿದರು, ಕೈ ಒರೆಸಿಕೊಂಡರು, ರಜಿಸ್ಟರ್ ತೆಗೆದು 'ವೈರು ಸಡಿಲಾಗಿತ್ತು' ಎಂದು ಬರೆದರು. ವಾಪಸು ಬರುವಾಗ ಬಸ್ಸು ಉಣಕಲ್ ದಾಟಿತು. ಆಮೇಲೆ ತಡೆಯಲಾಗಲಿಲ್ಲ.

"ಸುಳ್ಳ ಬರದ್ರಲ್ರಿ ಸರ್?"

"ಪ್ಲಗ್ ಹೊರಗಿತ್ತು ಅಂದ್ರ ವೈರು ಸಡಲ ಆಗಿತ್ತು ಅಂತs ಅರ್ಥ," ಎಂದು ಕಿಟಕಿಯ ಕಡೆ ತಿರುಗಿದರು.

ಹದಿನೈದು ವರ್ಷದ ಆ ರಜಿಸ್ಟರುಗಳನ್ನು ನಾನು ಆಮೇಲೆ ತಿರುವಿ ನೋಡಿದ್ದೇನೆ. ಏನು ಕೆಟ್ಟಿತು, ಹೇಗೆ ಸರಿಹೋಯಿತು, ಎಲ್ಲಾ ಇದೆ. ಯಾರಿಂದ ಕೆಟ್ಟಿತು ಎಂದು ಒಂದು ಕಡೆಯೂ ಇಲ್ಲ.

ಇಷ್ಟು ಓದಿ ಅವರು ದೇವರಂಥ ಮನುಷ್ಯ ಅಂದುಕೊಳ್ಳಬೇಡಿ. ಹಟಮಾರಿ. ಹೊಗಳಿಕೆಯ ವಿಷಯದಲ್ಲಿ ಕಡು ಜಿಪುಣ. ನಾನು ರಾತ್ರಿ ಹಗಲು ಕೂತು ಮಾಡಿದ ಕೆಲಸಕ್ಕೂ "ಆತಲ್ಲ, ಛಲೋ ಆತು" ಎನ್ನುವುದಕ್ಕಿಂತ ಹೆಚ್ಚು ಬರುತ್ತಿರಲಿಲ್ಲ. ಮನಸ್ಸಿಗೆ ನೋವಾದರೆ ಬಯ್ಯುತ್ತಿರಲಿಲ್ಲ, ಎರಡು ದಿನ ಮಾತು ಬಿಡುತ್ತಿದ್ದರು. ಅದಕ್ಕಿಂತ ಬೈದರೆ ಎಷ್ಟೋ ಮೇಲು ಅನ್ನಿಸುತ್ತಿತ್ತು. ಸಂಜೆ ನಾಲ್ಕೂವರೆಗೆ ತಿನ್ನಲು ಚುರುಮುರಿಯ ಗಿರಮಿಟ್ಟು, ಮಿರ್ಚಿ ಬರದಿದ್ದರೆ ಚಿಕ್ಕ ಮಗುವಿನ ಹಾಗೆ ಮುಖ ಸಣ್ಣ ಮಾಡುತ್ತಿದ್ದರು. ವರ್ಷಕ್ಕೆ ಎರಡು ಸಲ ಗರಗದ ಖಾದಿ ಬಟ್ಟೆ ಕಸ್ತೂರಕ್ಕನ ಕೈಲಿ ತರಿಸಿ ಅಂಗಿ ಹೊಲಿಸುತ್ತಿದ್ದರು. ಪ್ರತಿ ಸಲ ಒಂದೇ ಬಣ್ಣ, ಒಂದೇ ದರ್ಜಿ.

ಕಸ್ತೂರಕ್ಕ ಧಾರವಾಡದ ಹತ್ತಿರದ ಗರಗದವಳು. ಅವಳ ತಾಯಿ ಖಾದಿ ಕೇಂದ್ರದಲ್ಲಿ ನೂಲುತ್ತಿದ್ದರು, ಗಂಡ ಬಿಟ್ಟುಹೋಗಿದ್ದ, ಒಬ್ಬಳೇ ಮಗಳು ಶಾಲೆಗೆ ಹೋಗುತ್ತಿದ್ದಳು. ದಿನಾ ಬಸ್ಸಿನಲ್ಲಿ ಬಂದು ಹತ್ತು ಗಂಟೆಗೆ ಸರಿಯಾಗಿ ಕುರ್ಚಿಯಲ್ಲಿ ಕೂಡುತ್ತಿದ್ದಳು. ಸರ್ ಅವಳಿಗೆ ದೊಡ್ಡ ಸರ್, ನಾನು ಸಣ್ಣ ಸರ್. ಏಳು ವರ್ಷದಿಂದ ತಾತ್ಕಾಲಿಕ ನೌಕರಿ. ನಾನು ಹೇಳಹೊರಟಿರುವ ವರ್ಷ ಅವಳನ್ನು ಕಾಯಂ ಮಾಡುವ ಕಾಗದ ಕೊನೆಗೂ ಸಂಸ್ಥೆಯ ಕಾರ್ಯದರ್ಶಿಗಳ ಮೇಜಿಗೆ ಬಂದಿತ್ತು. ಒಂದು ಸಹಿ ಬಾಕಿ. ದಿನಾ ಮಧ್ಯಾಹ್ನ ಡಬ್ಬಿ ಬಿಚ್ಚುವಾಗ, "ಇವತ್ತ ಆದೀತೇನ್ರಿ?" ಎಂದು ಕೇಳುತ್ತಿದ್ದಳು.

ಅವಳ ಕೆಲಸ ಒಂದು ಪರದೆಯನ್ನು ನೋಡುತ್ತ ಕೂಡುವುದು. ನಮ್ಮ ಸರ್ವರುಗಳ ಮೇಲೆ ಕಾವಲಿಡುವ ಒಂದು ಸಾಫ್ಟ್‌ವೇರನ್ನು ಸರ್ ಹಾಕಿದ್ದರು. ಐದು ನಿಮಿಷಕ್ಕೊಮ್ಮೆ ಅದು ಪ್ರತಿಯೊಂದು ಸೇವೆಯನ್ನೂ ತಟ್ಟಿ ನೋಡುತ್ತಿತ್ತು. ಸರಿ ಇದ್ದರೆ ಪರದೆಯ ಮೇಲೆ ಹಸಿರು ಚೌಕ, ಇಲ್ಲದಿದ್ದರೆ ಕೆಂಪು. ಕೆಂಪಾದರೆ ಕಸ್ತೂರಕ್ಕ ನಮಗೆ ಹೇಳಬೇಕು. ಜೂನ್ ತಿಂಗಳಲ್ಲಿ ಎಲ್ಲರ ಕಣ್ಣೂ ಒಂದು ಚೌಕದ ಮೇಲೆ: ಕಾಲೇಜು ಪ್ರವೇಶದ ಅರ್ಜಿ. ಆಗ ತಾನೇ ಅರ್ಜಿಯನ್ನು ಇಂಟರ್ನೆಟ್ಟಿನಲ್ಲಿ ತುಂಬುವ ಏರ್ಪಾಟು ಶುರುವಾಗಿತ್ತು.

ಅರ್ಜಿಯ ಸೇವೆ ಜೀವಂತ ಇದೆಯೋ ಇಲ್ಲವೋ ಎಂದು ಸಾಫ್ಟ್‌ವೇರಿಗೆ ಹೇಗೆ ತಿಳಿಯಬೇಕು? ಅದು ಅರ್ಜಿಯ ಪುಟವನ್ನು ತೆರೆದು, ಅದರಲ್ಲಿ ನಾವು ಹೇಳಿದ ಒಂದು ಪದ ಇದೆಯೇ ಎಂದು ಹುಡುಕುತ್ತಿತ್ತು. ಸಿಕ್ಕರೆ ಹಸಿರು. ಯಾವ ಪದ ಹುಡುಕಬೇಕೆಂದು ಒಂದು ಫೈಲಿನಲ್ಲಿ ಬರೆದಿಡಬೇಕು. ಸರ್ ಅಲ್ಲಿ ಬರೆದಿದ್ದ ಪದ, ಬೇರೇನು, ಧಾರವಾರ್. ಕೊನೆಯಲ್ಲಿ ಆರ್.

ಆ ವರ್ಷ ಮೇ ಕೊನೆಗೆ ಅಣ್ಣನ ಮಗಳ ಮದುವೆಗೆಂದು ಸರ್ ಒಂದು ವಾರ ಸುಳ್ಳಕ್ಕೆ ಹೋದರು. ಅದೇ ವಾರ ಕಾರ್ಯದರ್ಶಿಗಳು ನನ್ನನ್ನು ಕರೆಸಿದರು. ಹತ್ತಿಯ ದಲಾಲಿ ಅಂಗಡಿಯ ದೊಡ್ಡ ಮನೆತನದವರು, ದನಿ ದೊಡ್ಡದು, ಕೆಲಸ ನಿಂತ ಕಾಲ ಮೇಲೆ ಆಗಬೇಕು. ಸಂಸ್ಥೆಯ ನೋಂದಣಿ ಪತ್ರದಲ್ಲಿ ಸ್ಪೆಲ್ಲಿಂಗ್ ಬದಲಾಗಿದೆ, ಸಂಸ್ಥೆಯ ಹೆಸರಿಗೆ ಎಲ್ಲಾ ಕಡೆ ಡಿ ಮಾಡಿ ಎಂದರು. ಬಂದು, ಅರ್ಜಿಯ ಮಾಹಿತಿಯೆಲ್ಲ ಇರುವ ಡೇಟಾಬೇಸಿನಲ್ಲಿ ಸಂಸ್ಥೆಯ ಹೆಸರು ತಿದ್ದಿದೆ. ಅರ್ಜಿಯ ನೆತ್ತಿಯ ಮೇಲೆ ಹೊಸ ಹೆಸರು ಚೆಂದ ಕಾಣಿಸಿತು. ಐದು ನಿಮಿಷಕ್ಕೆ ಕಸ್ತೂರಕ್ಕ ಕೂಗಿದಳು, "ಸಣ್ಣ ಸರ್, ಕೆಂಪ ಆತ್ರಿ!"

ಆಗುವುದೇ. ಪುಟದಲ್ಲಿ ಡಿ ಬಂದಿದೆ, ಸಾಫ್ಟ್‌ವೇರು ಇನ್ನೂ ಆರ್ ಹುಡುಕುತ್ತಿದೆ. ಮುದುಕನ ಹಠಕ್ಕೆ ಒಳ್ಳೆ ಶಾಸ್ತಿ ಆಯಿತು ಎಂದು ನಗುತ್ತ ಫೈಲು ತೆರೆದೆ, ಆರ್ ಅಳಿಸಿ ಡಿ ಹಾಕಿದೆ. ಪರದೆ ಹಸಿರಾಯಿತು. ಫೈಲಿನಲ್ಲಿ ಏನು ಬದಲಿಸಿದರೂ ಅದರ ಮೇಲೆ ಒಂದು ಸಾಲು ಬರೆಯಬೇಕು, ಯಾರು, ಯಾಕೆ ಎಂದು. ಇದು ಸರ್ ಅವರ ಕಟ್ಟಪ್ಪಣೆ. ಒಂದು ಅಕ್ಷರಕ್ಕೆ ಏನು ಬರೆಯುವುದು ಎಂದು ಬಿಟ್ಟೆ. ಅವರು ಬಂದಾಗ ಕಾಡಿಸಬೇಕೆಂದಿದ್ದೆ. ಅವರು ಮದುವೆಯ ಲಡ್ಡು ತಂದರು, ತಿನ್ನುತ್ತ ಮರೆತೆ. ಅವರೂ ಹುಬ್ಬಳ್ಳಿಯ ಹೊಸ ಲ್ಯಾಬಿನ ಓಡಾಟದಲ್ಲಿ ಅರ್ಜಿಯ ಪುಟ ತೆರೆದು ನೋಡಲಿಲ್ಲ.

ಮೂರು ವಾರ ಕಳೆಯಿತು. ಅರ್ಜಿಗೆ ಕೊನೆಯ ದಿನ ಸರ್ ಮತ್ತು ನಾನು ಹುಬ್ಬಳ್ಳಿಯ ಕಾಲೇಜಿನಲ್ಲಿದ್ದೆವು, ಹೊಸ ಲ್ಯಾಬಿನ ಕೆಲಸಕ್ಕೆ. ಇತ್ತ ಧಾರವಾಡದ ಕಚೇರಿಯಲ್ಲಿ ಹನ್ನೊಂದು ಗಂಟೆಗೆ ಅರ್ಜಿಯ ಡೇಟಾಬೇಸ್ ನಿಂತುಹೋಯಿತು. ಫಾರ್ಮ್ ತೆರೆದವರಿಗೆ ಫಾರ್ಮ್ ಬದಲು ಕ್ಷಮಾಪಣೆಯ ಪುಟ ಬರತೊಡಗಿತು: ದಯವಿಟ್ಟು ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ. ಇಂಟರ್ನೆಟ್ ಅಂಗಡಿಗಳಿಂದ, ಮನೆಗಳಿಂದ ಕಚೇರಿಗೆ ಫೋನಿನ ಮೇಲೆ ಫೋನು. ಕಸ್ತೂರಕ್ಕ ಪ್ರತಿ ಫೋನಿಗೂ ಪರದೆ ನೋಡುತ್ತಿದ್ದಳು. ಹಸಿರು. "ನಮ್ಮ ಕಡೆ ಎಲ್ಲಾ ಛಲೋ ಐತ್ರಿ, ನಿಮ್ಮ ಕಡೆ ನೆಟ್ ತೊಂದ್ರಿ ಇರಬೇಕ್ರಿ," ಎಂದು ಎಲ್ಲರಿಗೂ ಸಮಾಧಾನ ಹೇಳಿದಳು. ಮೂರು ಗಂಟೆಗೆ ಕಾರ್ಯದರ್ಶಿಗಳ ಅಳಿಯನದೇ ಫೋನು ಬಂತು. ಕಾರ್ಯದರ್ಶಿಗಳು ಸ್ವತಃ ಇಳಿದು ಬಂದರು, ಬೂಟುಗಾಲಲ್ಲೇ ಕೋಣೆ ಹೊಕ್ಕು ಸರ್ವರನ್ನು ಬಂದ್ ಮಾಡಿಸಿ ಮತ್ತೆ ಚಾಲೂ ಮಾಡಿಸಿದರು. ಅರ್ಜಿ ಸರಿಹೋಯಿತು. ಗಡುವನ್ನು ಒಂದು ದಿನ ಮುಂದೆ ಹಾಕಿದ್ದರಿಂದ ಮಕ್ಕಳಿಗೇನೂ ನಷ್ಟವಾಗಲಿಲ್ಲ.

ನಷ್ಟದ ಸರದಿ ಕಸ್ತೂರಕ್ಕನದು. ನಾವು ಬಂದಾಗ ಅವಳು ಎದ್ದು ನಿಂತಿದ್ದಳು, ಕಾರ್ಯದರ್ಶಿಗಳು ಅವಳ ಕುರ್ಚಿಯಲ್ಲಿ ಕೂತಿದ್ದರು.

"ನಾಕ ತಾಸು ಬಂದ್ ಬಿದ್ದೈತಿ, ಈಕಿ ಹಸಿರ ಇತ್ತು ಅಂತಾಳ. ನೀವs ಹೇಳಿದ್ರಲ್ಲ, ಇದು ತಪ್ಪಂಗಿಲ್ಲ ಅಂತ? ಹಂಗಾರ ಕೆಂಪ ಆಗಿರಾಕs ಬೇಕು. ಈಕಿ ಸೀಟಿನ ಮ್ಯಾಲೆ ಇರಲಿಲ್ಲ. ಈಗ ಸುಳ್ಳ ಹೇಳಾಕತ್ತಾಳ."

"ಎದ್ದ ಹೋಗಿಲ್ರಿ ಸಾಹೇಬ್ರ. ಊಟಾ ಸೈತ ಇಲ್ಲೇ ಕುಂತ ಮಾಡೀನ್ರಿ. ಹಸಿರs ಇತ್ರಿ," ಎಂದಳು ಕಸ್ತೂರಕ್ಕ. ಅಳುತ್ತಿರಲಿಲ್ಲ. ಅಳು ಬರದಂತೆ ಬಿಗಿಹಿಡಿದಿದ್ದು ಕಾಣುತ್ತಿತ್ತು.

"ಎರಡ ದಿನದಾಗ ಬರದ ಕೊಡ್ರಿ. ಸಮಾಧಾನ ಆಗಲಿಲ್ಲಂದ್ರ ಆ ಕಾಯಂ ಕಾಗದಾನೂ ಇಲ್ಲ, ಈ ಕುರ್ಚಿನೂ ಇಲ್ಲ," ಎಂದು ಹೇಳಿ ಕಾರ್ಯದರ್ಶಿಗಳು ಎದ್ದುಹೋದರು.

ಸರ್ ಚಪ್ಪಲಿ ಬಿಟ್ಟರು. ಒಳಗೆ ಬಂದರು. ಕಸ್ತೂರಕ್ಕನನ್ನು ಅವಳ ಕುರ್ಚಿಯಲ್ಲಿ ಕೂಡಿಸಿದರು.

"ಅಕ್ಕಾರ, ಏನ್ ನೋಡಿದ್ರಿ ಅಷ್ಟ ಹೇಳ್ರಿ."

"ಹಸಿರ್ರಿ."

"ಎಷ್ಟ ಸಲ ನೋಡಿದ್ರಿ?"

"ಫೋನ್ ಬಂದಾಗೊಮ್ಮೆ ನೋಡೀನ್ರಿ. ಹಸಿರs ಇತ್ರಿ ದೊಡ್ಡ ಸರ್."

"ಆತು. ಹಸಿರ ಇತ್ತು," ಎಂದರು ಅವರು. ಅಷ್ಟೇ. ಅವಳ ಮಾತು ಅಲ್ಲಿಗೆ ಸಾಬೀತಾಯಿತು, ಅವರ ಮಟ್ಟಿಗೆ. ಇನ್ನು ಹುಡುಕಬೇಕಾದ್ದು, ಸತ್ತ ಸೇವೆಗೆ ಯಂತ್ರ ಯಾಕೆ ಹಸಿರು ತೋರಿಸಿತು ಎಂಬುದು.

ಆ ದಿನದ ದಾಖಲೆ ತೆಗೆದರು. ಕೆಂಪಾದ ಗುರುತು ಎಲ್ಲೂ ಇಲ್ಲ. ಆಮೇಲೆ ಬೇರೊಂದು ಯಂತ್ರದಲ್ಲಿದ್ದ ಅರ್ಜಿಯ ಪ್ರತಿಯನ್ನು ತೆಗೆದುಕೊಂಡು, ಬೇಕೆಂದೇ ಅದರ ಡೇಟಾಬೇಸ್ ನಿಲ್ಲಿಸಿದರು. ಕಾವಲಿನ ಸಾಫ್ಟ್‌ವೇರನ್ನು ಅದರ ಕಡೆ ತಿರುಗಿಸಿದರು. ಮೂವರೂ ಪರದೆ ನೋಡುತ್ತ ಕೂತೆವು. ಐದು ನಿಮಿಷ. ಹತ್ತು ನಿಮಿಷ. ಹಸಿರು ಚೌಕ ಕದಲಲಿಲ್ಲ.

"ನೋಡ್ರಿ, ನೋಡ್ರಿ!" ಎಂದು ಕಸ್ತೂರಕ್ಕ ಕುರ್ಚಿಯಿಂದ ಅರ್ಧ ಎದ್ದಳು.

ಸರ್ ಅರ್ಜಿಯ ಪುಟ ತೆರೆದರು. ಕ್ಷಮಾಪಣೆಯ ಪುಟ ಬಂತು. ಆ ಪುಟವನ್ನು ಎಂದೋ ಅವರೇ ಮಾಡಿದ್ದರು. ನಾನು ಅಂದು ಮೊದಲ ಸಲ ಅದನ್ನು ಪೂರ್ತಿ ಓದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಕಚೇರಿಯ ವಿಳಾಸವಿತ್ತು. ವಿಳಾಸದ ಕೊನೆಗೆ ಊರಿನ ಹೆಸರು. ಊರಿನ ಹೆಸರಿನ ಕೊನೆಗೆ ಡಿ.

ಎಲ್ಲೆಲ್ಲೂ ಆರ್ ಬರೆಯುವ ಮನುಷ್ಯ ಈ ಒಂದು ಪುಟದಲ್ಲಿ ಮಾತ್ರ ಡಿ ಬರೆದಿದ್ದರು. ಅದು ಹಠವಲ್ಲ. ಆರ್ ಇರುವ ಹೆಸರು ಡೇಟಾಬೇಸಿನಿಂದ ಬರುತ್ತದೆ, ಫಾರ್ಮ್ ಜೀವಂತ ಇದ್ದಾಗ ಮಾತ್ರ ಬರುತ್ತದೆ. ಡೇಟಾಬೇಸ್ ಸತ್ತಾಗ ಬರುವ ಪುಟದಲ್ಲಿ ಆರ್ ಇರಬಾರದು, ಆಗಲೇ ಚೌಕ ಕೆಂಪಾಗುತ್ತದೆ. ಅವರು ಬೇಕೆಂದೇ ಹಾಗೆ ಇಟ್ಟಿದ್ದರು. ನಾನು ಡಿ ಹುಡುಕು ಎಂದೆ. ಡಿ ಕ್ಷಮಾಪಣೆಯ ಪುಟದಲ್ಲೂ ಇತ್ತು. ಸೇವೆ ಬದುಕಿರಲಿ ಸಾಯಲಿ, ಸಾಫ್ಟ್‌ವೇರಿಗೆ ಧಾರವಾಡ ಸಿಕ್ಕೇ ಸಿಗುತ್ತಿತ್ತು.

ಸರ್ ಫೈಲು ತೆರೆದರು. ಆ ಸಾಲಿನ ಮೇಲೆ ಬೆರಳಿಟ್ಟರು. ಆಮೇಲೆ ಪರದೆಯನ್ನೇ ನೋಡುತ್ತ, ನನ್ನ ಕಡೆ ತಿರುಗದೆ ಅಂದರು:

"ಇಲ್ಲೆ ಕಡೀಕ ಆರ್ ಇತ್ತಲ್ಲ?"

ಆ ಫೈಲು ಮುಟ್ಟುವವರು ನಾವಿಬ್ಬರೇ. ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಆಗಿನ್ನೂ ಪರೀಕ್ಷಾರ್ಥ ನೌಕರ, ಕಾರ್ಯದರ್ಶಿಗಳ ಗರ್ಜನೆ ಕಿವಿಯಲ್ಲಿತ್ತು. ನನ್ನ ಬಾಯಿಂದ ಬಂದದ್ದು ಎರಡೇ ಪದ.

"ಹೌದೇನ್ರಿ ಸರ್?"

ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ನಾನು ಇನ್ನೇನಾದರೂ ಹೇಳುತ್ತೇನೋ ಎಂದು ಕಾದರು. ಈಗ ನೆನೆದರೆ, ಸಾಕಷ್ಟು ಹೊತ್ತು ಕಾದರು. ಆಮೇಲೆ, "ಆತು," ಎಂದು ರಜಿಸ್ಟರ್ ಎಳೆದುಕೊಂಡರು.

ಮರುದಿನ ನಾವು ಮೂವರೂ ಕಾರ್ಯದರ್ಶಿಗಳ ಕೋಣೆಯಲ್ಲಿದ್ದೆವು. ಸರ್ ಒಂದು ಪುಟದ ಪತ್ರ ಕೊಟ್ಟರು. ಆಪರೇಟರ್ ಹೇಳಿದ್ದು ಅಕ್ಷರಶಃ ನಿಜ, ಪರದೆ ಹಸಿರೇ ಇತ್ತು, ತಪ್ಪು ತಪಾಸಣೆಯ ಪದದಲ್ಲಿದೆ, ಬೇಕಾದರೆ ಈಗಲೇ ಮಾಡಿ ತೋರಿಸುತ್ತೇವೆ ಎಂದು ಅದರಲ್ಲಿತ್ತು. ಕಾರ್ಯದರ್ಶಿಗಳು ಕೆಳಗೆ ಬಂದು ನೋಡಿದರು. ವ್ಯಾಪಾರಸ್ಥ ಮನುಷ್ಯ, ಕಣ್ಣೆದುರಿಗೆ ಕಂಡದ್ದನ್ನು ಒಪ್ಪದವರಲ್ಲ.

"ನಾ ಹೇಳಿದ್ದು ಸಂಸ್ಥಾದ ಹೆಸರ ತಿದ್ದಾಕ. ಹಂಗಾರ ಈ ತಪಾಸಣಿ ಫೈಲಿನಾಗ ಅಕ್ಷರ ಬದಲಿ ಮಾಡಿದಾಂವ ಯಾಂವ?"

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅದರಲ್ಲಿ ಏನು ಚಿತ್ರವಿತ್ತು ಎಂದು ಇವತ್ತಿಗೂ ಹೇಳಬಲ್ಲೆ. ಎರಡು ಎತ್ತು, ಒಂದು ಬಂಡಿ.

"ಆ ಪದಾ ಯಾಕ ಇಟ್ಟೀನಿ ಅಂತ ನಾ ಬಾಜೂಕ ಬರದಿದ್ರ ಯಾರೂ ಮುಟ್ಟತಿರಲಿಲ್ರಿ," ಎಂದರು ಸರ್. "ಎಲ್ಲಾರಿಗೂ ಬರೀರಿ ಬರೀರಿ ಅನ್ನಾಂವ, ನಾನs ಬರದಿಲ್ಲ. ನಂದs ತಪ್ಪು ಅಂತ ತಿಳೀರಿ."

ಅದು ಸುಳ್ಳೂ ಆಗಿರಲಿಲ್ಲ. ಅವರು ಯಾಕೆ ಎಂದು ಬರೆದಿರಲಿಲ್ಲ ನಿಜ. ಆದರೆ ಪೂರ್ತಿ ನಿಜ ಅವರ ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತಿತ್ತು.

ವಾರದೊಳಗೆ ಕಸ್ತೂರಕ್ಕನ ಕಾಗದಕ್ಕೆ ಸಹಿ ಬಿತ್ತು. ಅವಳು ಕೇರಿಗೆಲ್ಲ ಸಕ್ಕರೆ ಹಂಚಿ ಬಂದಳು, ನನಗೂ ಒಂದು ಚಿಟಿಕೆ ಹೆಚ್ಚೇ ಕೊಟ್ಟಳು. ಸರ್ ಅವರ ನಿವೃತ್ತಿಗೆ ಒಂದೇ ವರ್ಷವಿತ್ತು. ಆಮೇಲೂ ಎರಡು ವರ್ಷ ಸಲಹೆಗಾರರಾಗಿ ಇರಿ ಎಂದು ಕಾರ್ಯದರ್ಶಿಗಳು ಮೊದಲೆಲ್ಲ ಅನ್ನುತ್ತಿದ್ದರು. ಆ ಪತ್ರದ ನಂತರ ಆ ಮಾತು ಮತ್ತೆ ಬರಲಿಲ್ಲ.

ಅವರು ನನ್ನ ಜೊತೆ ಮಾತು ಬಿಟ್ಟಿದ್ದರೆ ನಾನು ಮೂರನೇ ದಿನ ಹೇಳಿಬಿಡುತ್ತಿದ್ದೆನೇನೋ. ಅವರು ಮಾತು ಬಿಡಲಿಲ್ಲ. ಆ ಕೊನೆಯ ವರ್ಷ ಮೊದಲಿಗಿಂತ ಹೆಚ್ಚು ಕಲಿಸಿದರು. ಕೆಲವು ಸಂಜೆ ಗಿರಮಿಟ್ಟು ತರಿಸಿ, ಕಸ್ತೂರಕ್ಕನನ್ನು ಬೇಗ ಮನೆಗೆ ಕಳಿಸಿ, ನನ್ನ ಎದುರಿಗೆ ಸುಮ್ಮನೆ ಕೂಡುತ್ತಿದ್ದರು. "ಮತ್ತೇನ್ರಿ ಇಂಜಿನಿಯರ್ ಸಾಹೇಬ್ರ?" ಎನ್ನುತ್ತಿದ್ದರು. ನಾನು ಕ್ರಿಕೆಟ್ ಮಾತಾಡುತ್ತಿದ್ದೆ. ಅವರಿಗೆ ಕ್ರಿಕೆಟ್ಟಿನ ಗಂಧಗಾಳಿ ಇರಲಿಲ್ಲ. ಪೂರ್ತಿ ಕೇಳಿ, "ಹೌದೇನು," ಎಂದು ತಟ್ಟೆ ತೊಳೆಯಲು ಏಳುತ್ತಿದ್ದರು.

ನಿವೃತ್ತಿಯ ದಿನ ವಿಭಾಗದ ಪರವಾಗಿ ಮಾತಾಡಿದವನು ನಾನು. ಚೆನ್ನಾಗಿಯೇ ಮಾತಾಡಿದೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಅವರ ಪ್ರಾಮಾಣಿಕತೆಯ ಬಗ್ಗೆ ಹೇಳಿದಾಗ ಸಭೆ ಚಪ್ಪಾಳೆ ತಟ್ಟಿತು. ಶಾಲು ಹೊದ್ದು ಕೂತಿದ್ದ ಅವರು ನನ್ನನ್ನೇ ನೋಡುತ್ತಿದ್ದರು. ಸ್ವಲ್ಪ ಮುಂದಕ್ಕೆ ಬಾಗಿ, ಇನ್ನೂ ಒಂದು ವಾಕ್ಯ ಇದೆ ಎನ್ನುವವರ ಹಾಗೆ. ನಾನು ವಂದಿಸಿ ಕೆಳಗಿಳಿದೆ.

ಎರಡು ವರ್ಷದ ಮೇಲೆ ನಾನು ಹುಬ್ಬಳ್ಳಿಯಲ್ಲೇ ಬೇರೆ ಕಚೇರಿ ಸೇರಿದೆ. ಹಬ್ಬಕ್ಕೆ ಫೋನು ಮಾಡುತ್ತಿದ್ದೆ. ಹಬ್ಬದ ದಿನ ಅದನ್ನೆಲ್ಲ ಯಾಕೆ ಎತ್ತುವುದು ಎಂದು ಇಟ್ಟುಬಿಡುತ್ತಿದ್ದೆ. ಹೋದ ವರ್ಷ ಒಂದು ಬೆಳಗ್ಗೆ ಕಸ್ತೂರಕ್ಕನೇ ಫೋನು ಮಾಡಿ ದೊಡ್ಡ ಸರ್ ಹೋದರೆಂದು ಹೇಳಿದಳು. ಹೃದಯದ ತೊಂದರೆಯಿತ್ತಂತೆ, ತಿಂಗಳ ಹಿಂದೆ ದವಾಖಾನೆಯಲ್ಲೂ ಇದ್ದರಂತೆ. ನನಗೆ ಗೊತ್ತೇ ಇರಲಿಲ್ಲ.

ಮೂರನೆಯ ದಿನ ಅವರ ಮನೆಗೆ ಹೋದೆ. ಅವರ ಹೆಂಡತಿಯನ್ನು ಮಾತಾಡಿಸಿ ಹೊರಡುವಾಗ ಕಸ್ತೂರಕ್ಕನೂ ಹೊರಟಳು. ಕೂದಲು ಅರ್ಧ ನರೆತಿತ್ತು. ಮಗಳು ಟೀಚರ್ ಟ್ರೇನಿಂಗ್ ಮಾಡುತ್ತಿದ್ದಾಳೆ ಎಂದಳು. ಇಬ್ಬರೂ ಗರಗದ ಬಸ್ಸು ನಿಲ್ಲುವ ಜಾಗದ ತನಕ ನಡೆದೆವು. ಅಲ್ಲಿ ನಿಂತು, ಅವಳ ಮುಖ ನೋಡದೆ, ಹೇಳಿದೆ.

"ಅಕ್ಕಾ, ಆ ಅಕ್ಷರ ಬದಲಿ ಮಾಡಿದಾಂವ ನಾ. ದೊಡ್ಡ ಸರ್ ಅಲ್ಲ."

ಅವಳು ಬೆಚ್ಚಿಬೀಳಲಿಲ್ಲ. ಸೆರಗು ಸರಿಮಾಡಿಕೊಂಡಳು.

"ಗೊತ್ತೈತ್ರಿ ಸಣ್ಣ ಸರ್. ಅವತ್ತ ಸಂಜೀಮುಂದ ಬಸ್ ಹತ್ತಸಾಕ ಬಂದಿದ್ರು ದೊಡ್ಡ ಸರ್. ಆವಾಗ ಹೇಳಿದ್ರು. 'ಅಕ್ಕಾರ, ನಿಮ್ಮ ನೌಕರಿಗೆ ಏನೂ ಆಗಂಗಿಲ್ಲ, ನಾ ನೋಡಕೋತೀನಿ. ಮಾಡಿದಾಂವ ನಮ್ಮ ಹುಡುಗ. ತಾನs ಬಂದು ಹೇಳ್ತಾನ, ಅಲ್ಲೀತನ ನೀವು ಏನೂ ಕೇಳಬ್ಯಾಡ್ರಿ' ಅಂದ್ರು."

ಅವಳು ಬಸ್ಸು ಬರುವ ದಾರಿಯ ಕಡೆ ನೋಡುತ್ತ ಮುಂದುವರಿಸಿದಳು.

"ನಾ ಕೇಳಲಿಲ್ಲ. ಅವರು ನನ್ನ ಕೇಳವರು. 'ಏನರ ಅಂದ್ನೇನು?' ಅಂತ. ಇಲ್ರಿ ಅಂತಿದ್ನಿ. 'ಅಂತಾನ ತಡೀರಿ' ಅನ್ನವರು. ರಿಟೈರ್ ಆದ ದಿನ ನಿಮ್ಮ ಭಾಷಣಾ ಮುಗದ ಮ್ಯಾಲೂ ಕೇಳಿದ್ರು. ಹ್ವಾದ ತಿಂಗಳ ದವಾಖಾನಿಗೆ ಮಾತಾಡಸಾಕ ಹೋಗಿದ್ನೆಲ್ರಿ, ಆವಾಗನೂ ಕೇಳಿದ್ರು."

ಗರಗದ ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ಬಸ್ಸು ಇನ್ನೂ ನಿಂತೇ ಇತ್ತು. ಕಿಟಕಿಯಿಂದ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ನಿಜವಾಗಿಯೂ ಉತ್ತರ ಬೇಕಾಗಿದ್ದವಳ ಹಾಗೆ ಕೇಳಿದಳು:

"'ಸಣ್ಣ ಸರ್ ಇವತ್ತ ಅಂದ್ರು' ಅಂತ ನಾ ಈಗ ಯಾರಿಗೆ ಹೋಗಿ ಹೇಳ್ಲಿರಿ?"